ಅಂಟು ಹಾಕಬೇಡ: ಅಕ್ಕನ ಚೀಟಿಗೊಂದು ವ್ಯಾಖ್ಯಾನ

ಪುಣೆಯಲ್ಲಿರುವ ನಮ್ಮಕ್ಕ ತಿಂಗಳಿಗೊಂದು ಪರದೇಶದ ತಿನಿಸು ಆರಿಸಿ, ಮಾಡುವ ಬಗೆಯನ್ನು ಚೀಟಿಯಲ್ಲಿ ಬರೆದು ಒಡಹುಟ್ಟಿದವರಿಗೆಲ್ಲ ಕಳಿಸುತ್ತಾಳೆ. ಅವರವರ ಮನೆಯಲ್ಲಿ ಅವರವರು ಮಾಡಿ ತೋರಿಸಬೇಕು. ಕ್ರಮ ಆ ದೇಶದ್ದೇ ಇರಬೇಕು, ಸಾಮಾನು ಮಾತ್ರ ನಮ್ಮ ಸಂತೆಯಲ್ಲಿ ಸಿಗುವಂಥದ್ದು. ಈ ಸಲ ಬಂದದ್ದು ಇಟಲಿಯ ಸಿಯೆನಾ ಪಟ್ಟಣದ ಪಾನ್‌ಫೋರ್ಟೆ. ಬಾದಾಮಿ, ಸಕ್ಕರೆಯಲ್ಲಿ ಬೇಯಿಸಿದ ಹಣ್ಣು, ಜೇನು, ಪಾಕ, ಮಸಾಲೆ, ಸ್ವಲ್ಪ ಹಿಟ್ಟು ಇಷ್ಟನ್ನೂ ಕಲಸಿ, ಚಪ್ಪಟೆಯಾಗಿ ತಟ್ಟಿ, ಸುಟ್ಟು ತೆಗೆಯುವ ಸಿಹಿ. ಯುರೋಪಿನ ಒಕ್ಕೂಟ 2013ರಲ್ಲಿ ಇದಕ್ಕೆ ಸಿಯೆನಾದ ಹೆಸರಿನಲ್ಲೇ ಭೌಗೋಳಿಕ ಗುರುತು ಕೊಟ್ಟಿದೆ.

ಹುಕ್ಕೇರಿ ತಾಲ್ಲೂಕಿನ ನಮ್ಮ ದಡ್ಡಿಯಲ್ಲಿ ಯಾರಿಗೇ ಈ ಸಾಮಾನಿನ ಪಟ್ಟಿ ಓದಿ ಹೇಳಿದರೂ, ‘ಗೋಕಾಕದ ಕರದಂಟಲ್ಲೇನ್ ಇದು?’ ಎಂದೇ ಕೇಳುತ್ತಾರೆ. ಸವಾಲಿನ ಕಷ್ಟ ಇರುವುದೂ ಅಲ್ಲಿಯೇ. ಪೂರ್ತಿ ಅಪರಿಚಿತ ತಿನಿಸಾದರೆ ಚೀಟಿ ಹೇಳಿದಂತೆ ಕೇಳುತ್ತೇವೆ. ಬೀಗರ ಹಾಗೆ ಹತ್ತಿರದ್ದಾದರೆ ಕೈ ತನಗೆ ಗೊತ್ತಿದ್ದ ಕಡೆಗೇ ಎಳೆಯುತ್ತದೆ, ನೋಡನೋಡುತ್ತ ಪಾನ್‌ಫೋರ್ಟೆ ಹೋಗಿ ಕರದಂಟು ಆಗಿರುತ್ತದೆ. ಅಕ್ಕನ ಚೀಟಿಯ ಸಾಲುಗಳಲ್ಲಿ ಹೆಚ್ಚಿನವು ಈ ಎಳೆತವನ್ನು ತಡೆಯಲೆಂದೇ ಬರೆದವು. ಸಾಲುಗಳು ಚಿಕ್ಕವು, ಕಾರಣ ಬರೆದಿಲ್ಲ. ಆ ಕಾರಣಗಳನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಬಾದಾಮಿ 150 ಗ್ರಾಂ, ಗೋಡಂಬಿ 100 ಗ್ರಾಂ ಸಣ್ಣ ಉರಿಯಲ್ಲಿ ಹುರಿ. ತುಪ್ಪ ಬೇಡ, ಹೆಚ್ಚಲೂಬೇಡ.

ಕರದಂಟಿಗೆ ಬಾದಾಮಿ, ಗೋಡಂಬಿಯನ್ನು ತುಪ್ಪದಲ್ಲಿ ಬಾಡಿಸುತ್ತೇವೆ. ಇಲ್ಲಿ ಒಣ ಬಾಣಲೆಯೇ ಆಗಬೇಕು. ಬಾದಾಮಿಯ ಮೈಗೆ ಜಿಡ್ಡು ಹತ್ತಿದರೆ ಪಾಕ, ಹಿಟ್ಟು ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಹೆಚ್ಚಬೇಡ ಎಂದದ್ದು ಕತ್ತರಿಸಿದಾಗ ಅಡ್ಡ ಸೀಳಿದ ಬಿಳಿ ಬಾದಾಮಿ ಎದ್ದು ಕಾಣಲಿ ಎಂದು. ಸಿಯೆನಾದವರು ಬಾದಾಮಿಯನ್ನೇ ನಂಬಿದವರು, ಗೋಡಂಬಿ ನಮ್ಮ ಸೇರ್ಪಡೆ.

ಕಿತ್ತಳೆ ಸಿಪ್ಪೆಯನ್ನು ಮೂರು ಸಲ ನೀರು ಬದಲಿಸಿ ಕುದಿಸು. ಆಮೇಲೆ ಸಕ್ಕರೆಯಲ್ಲಿ ಬೇಯಿಸು. ಪೇಠಾ ಸೇರಿಸು. ಎರಡೂ ಕೂಡಿ 200 ಗ್ರಾಂ.

ಕಿತ್ತಳೆ ಸಿಪ್ಪೆಯ ಒಳಗಿನ ಬಿಳಿ ಪದರದಲ್ಲಿ ಕಹಿ ಇರುತ್ತದೆ, ಅದು ನೀರಿನಲ್ಲಿ ಬಿಡುತ್ತದೆ. ಒಂದೇ ನೀರಿನಲ್ಲಿ ಎಷ್ಟು ಹೊತ್ತು ಕುದಿಸಿದರೂ ಬಿಟ್ಟ ಕಹಿ ಅಲ್ಲೇ ಸುತ್ತುತ್ತಿರುತ್ತದೆ, ಅದಕ್ಕೇ ನೀರು ಚೆಲ್ಲಿ ಹೊಸ ನೀರು ಹಾಕಬೇಕು. ಸಿಪ್ಪೆ ಮೆತ್ತಗಾಗುವ ಮೊದಲು ಸಕ್ಕರೆ ಹಾಕಿದರೆ ಮತ್ತೆ ಮೆತ್ತಗಾಗುವುದಿಲ್ಲ, ತೊಗಲಿನಂತೆ ಗಡಸಾಗಿ ಉಳಿಯುತ್ತದೆ. ‘ಆಮೇಲೆ’ ಎಂಬ ಮಾತನ್ನು ಅವಸರದಲ್ಲಿ ದಾಟಬಾರದು.

ಪೇಠಾ ಏಕೆಂದರೆ, ಸಿಯೆನಾದ ಕಪ್ಪು ಬಗೆಯ ಪಾನ್‌ಫೋರ್ಟೆಯಲ್ಲಿ ಸಕ್ಕರೆಯಲ್ಲಿ ಬೇಯಿಸಿದ ಕರಬೂಜ ಬೀಳುತ್ತದೆ. ನಮ್ಮಲ್ಲಿ ಅದರ ಜಾಗಕ್ಕೆ ಬೂದುಗುಂಬಳದ ಪೇಠಾಕ್ಕಿಂತ ತಕ್ಕದ್ದು ಇನ್ನೊಂದಿಲ್ಲ. ಸುಣ್ಣದ ತಿಳಿನೀರಿನಲ್ಲಿ ನೆನೆದ ಕಾಯಿ ಗಟ್ಟಿಯಾಗುವುದರಿಂದ ಪೇಠಾ ಪಾಕದ ಬಿಸಿಗೂ ಕರಗದೆ ನಿಲ್ಲುತ್ತದೆ.

ದಾಲ್ಚಿನ್ನಿ, ಲವಂಗ, ಜಾಜಿಕಾಯಿ, ಕೊತ್ತಂಬರಿ ಬೀಜ, ಕರಿಮೆಣಸು. ಯಾಲಕ್ಕಿ ಬೇಡ.

ಕೊತ್ತಂಬರಿ ಬೀಜ, ಮೆಣಸು ಸಿಹಿಯೊಳಗೆ ಹಾಕುವುದೆಂದರೆ ನಮ್ಮವರು ಹುಬ್ಬೇರಿಸುತ್ತಾರೆ. ಸಿಯೆನಾದಲ್ಲಿ ಈ ಸಿಹಿ ಹುಟ್ಟಿದ್ದು ಔಷಧಿ, ಮಸಾಲೆ ಎರಡನ್ನೂ ಮಾರುವವರ ಅಂಗಡಿಗಳಲ್ಲಿ. ಆ ಕಾಲಕ್ಕೆ ಮೆಣಸು ಯುರೋಪಿಗೆ ಹೋಗುತ್ತಿದ್ದದ್ದು ಭಾರತದ ಪಶ್ಚಿಮ ಕರಾವಳಿಯಿಂದ. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಆ ವ್ಯಾಪಾರದ ತೂಕ ಕಂಡೇ. ನಮ್ಮ ಘಟ್ಟದ ಕೆಳಗಿನ ಬೆಳೆಯೇ ಅಷ್ಟು ದೂರ ಹೋಗಿ ಅವರ ಸಿಹಿಯಲ್ಲಿ ಕುಳಿತದ್ದು ನನಗೆ ತುಂಬ ಹಿಡಿಸಿದ ಸಂಗತಿ. ಮೆಣಸು ನಾಲಗೆಗೆ ಕೂಡಲೇ ಗೊತ್ತಾಗುವುದಿಲ್ಲ, ತುತ್ತು ನುಂಗಿದ ಮೇಲೆ ಗಂಟಲಲ್ಲಿ ಬೆಚ್ಚಗೆ ಏಳುತ್ತದೆ.

ಯಾಲಕ್ಕಿ ಬೇಡ ಎಂದದ್ದು ಎಳೆತಕ್ಕೆ ಹಾಕಿದ ಇನ್ನೊಂದು ಕಡಿವಾಣ. ಕರದಂಟಿನ ವಾಸನೆ ಎಂದು ನಾವು ಗುರುತಿಸುವುದರಲ್ಲಿ ಯಾಲಕ್ಕಿಯ ಪಾಲು ದೊಡ್ಡದು. ಒಂದು ಕಾಯಿ ಕುಟ್ಟಿ ಹಾಕಿದರೂ ಸಿಯೆನಾ ಹೊರಟುಹೋಗಿ ಗೋಕಾಕ ಬಂದು ಕೂರುತ್ತದೆ.

ಹಿಟ್ಟು 100 ಗ್ರಾಂ. ಮೈದಾ ಇಲ್ಲದಿದ್ದರೆ ಜವೆಗೋಧಿ ಆದೀತು.

ಅಕ್ಕ ಜವೆಗೋಧಿಗೆ ಎರಡನೇ ಸ್ಥಾನ ಕೊಟ್ಟಿದ್ದಾಳೆ, ನಾನು ಮೊದಲನೆಯದನ್ನೇ ಕೊಡುತ್ತೇನೆ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆ ಖಪ್ಲಿ, ಸದಕ ಎಂದೂ ಕರೆಯುವ ಈ ಹಳೆಯ ಗೋಧಿ ಇಟಲಿಗೂ ಹೊಸದಲ್ಲ. ಸಿಯೆನಾ ಇರುವ ತೊಸ್ಕಾನಾ ಪ್ರಾಂತ್ಯದಲ್ಲೇ ಗಾರ್ಫಾನ್ಯಾನಾ ಎಂಬ ಬೆಟ್ಟದ ಸೀಮೆ ಇದೆ. ಅಲ್ಲಿ ಇದೇ ಜಾತಿಯ ಗೋಧಿಯನ್ನು ಫಾರ್ರೋ ಎಂದು ಬೆಳೆಯುತ್ತಾರೆ, 1996ರಿಂದ ಅದಕ್ಕೂ ಭೌಗೋಳಿಕ ಗುರುತು ಇದೆ. ಜವೆಗೋಧಿ ಹಿಟ್ಟಿಗೆ ಜಿಗುಟು ಸಾಲದು ಎಂದು ಬ್ರೆಡ್ ಮಾಡುವವರು ದೂರುತ್ತಾರೆ. ಆ ದೂರು ಉಬ್ಬಬೇಕಾದ ತಿನಿಸಿಗೆ ಸರಿ. ಪಾನ್‌ಫೋರ್ಟೆ ಉಬ್ಬುವುದೇ ಇಲ್ಲ. ಹಿಟ್ಟಿನ ಕೆಲಸ ಇಲ್ಲಿ ಪಾಕವನ್ನು ಹಿಡಿದು ನಿಲ್ಲಿಸುವುದಷ್ಟೇ.

ಬೆಲ್ಲ 150 ಗ್ರಾಂ, ಜೇನು 100 ಗ್ರಾಂ ಕಾಸು. ನೀರಿಗೆ ಬಿಟ್ಟ ಹನಿ ಮೆತ್ತನೆ ಉಂಡೆಯಾದರೆ ಇಳಿಸು.

ಇಟಲಿಯವರ ಪುಸ್ತಕಗಳಲ್ಲಿ ಇಲ್ಲಿ ಬಿಳಿ ಸಕ್ಕರೆ ಇರುತ್ತದೆ, ಜೊತೆಗೆ ಥರ್ಮಾಮೀಟರಿನ ಅಂಕಿ ಇರುತ್ತದೆ. ಮೆತ್ತನೆ ಉಂಡೆಯ ಹದವೆಂದರೆ ಸುಮಾರು 112ರಿಂದ 116 ಡಿಗ್ರಿ. ಅಕ್ಕ ಅಂಕಿ ಬಿಟ್ಟು ನೀರಿನ ಬಟ್ಟಲು ಹೇಳಿದ್ದಾಳೆ, ಅದು ಸರಿಯೇ. ಹಿಡಕಲ್ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 2175 ಅಡಿ ಎಂದು ಮಳೆಗಾಲದಲ್ಲಿ ಪೇಪರಿನಲ್ಲಿ ಓದುತ್ತಿರುತ್ತೇವೆ. ಆ ಜಲಾಶಯದ ಸೀಮೆಯವರಾದ ನಾವೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿದ್ದೇವೆ. ಈ ಎತ್ತರದಲ್ಲಿ ನೀರು 100 ಡಿಗ್ರಿಗೆ ಎರಡು ಡಿಗ್ರಿ ಮೊದಲೇ ಕುದಿಯುತ್ತದೆ, ಪಾಕದ ಹದವೂ ಅಷ್ಟೇ ಮೊದಲು ಬರುತ್ತದೆ. ಪುಸ್ತಕದ ಅಂಕಿ ಮುಟ್ಟುವವರೆಗೆ ಕಾದರೆ ಪಾಕ ಗಟ್ಟಿ ಉಂಡೆಗೆ ದಾಟಿರುತ್ತದೆ. ಬಟ್ಟಲಿನ ನೀರಿಗೆ ಎತ್ತರದ ಲೆಕ್ಕ ಬೇಕಿಲ್ಲ. ಗಾಣದಲ್ಲಿ ಬೆಲ್ಲ ತೆಗೆಯುವವರೂ ಕೊಪ್ಪರಿಗೆಯ ಪಾಕವನ್ನು ಚೂರು ನೀರಿಗೆ ಬಿಟ್ಟು, ಬೆರಳಲ್ಲಿ ಹೊರಳಿಸಿಯೇ ಹದ ಹೇಳುತ್ತಾರೆ.

ಕರದಂಟಿನ ಪಾಕ ಇದಕ್ಕಿಂತ ಮುಂದೆ ಹೋಗಿರುತ್ತದೆ. ಕೈಗೆ ಆ ಹದ ಪಾಠವಾಗಿರುವುದರಿಂದ ‘ಇನ್ನೊಂದೀಟು’ ಎನಿಸುತ್ತದೆ. ಎನಿಸಿದ ಹೊತ್ತಿಗೇ ಇಳಿಸಬೇಕು, ಏಕೆಂದರೆ ಈ ಪಾಕಕ್ಕೆ ಮುಂದೆ ಇನ್ನೊಂದು ಸಲ ಬೆಂಕಿ ಕಾಣುವುದಿದೆ. ಜೇನು ಹಾಕುವುದಕ್ಕೂ ಕಾರಣವಿದೆ. ಪಾಕ ಹರಳುಗಟ್ಟದಂತೆ ಅದು ತಡೆಯುತ್ತದೆ, ತಿನಿಸು ದಿನಗಟ್ಟಲೆ ಮೆತ್ತಗಿರುತ್ತದೆ. ಬೆಲ್ಲ ಕಪ್ಪಾದದ್ದೇ ಇರಲಿ. ಹೊಳಪಿಗಾಗಿ ರಾಸಾಯನಿಕ ಹಾಕಿದ ಹಳದಿ ಬೆಲ್ಲದಲ್ಲಿ ಈ ಮಸಾಲೆಗಳ ಎದುರು ನಿಲ್ಲುವ ರುಚಿ ಇರುವುದಿಲ್ಲ.

ಅಂಟು ಹಾಕಬೇಡ. ಒಣಕೊಬ್ಬರಿಯನ್ನೂ ಹಾಕಬೇಡ.

ಇಡೀ ಚೀಟಿಯಲ್ಲಿ ಅಡಿಗೆರೆ ಎಳೆದ ಸಾಲು ಇದೊಂದೇ. ಅಂಟೆಂದರೆ ತಿನ್ನುವ ಗೋಂದು. ಅದನ್ನು ತುಪ್ಪಕ್ಕೆ ಹಾಕಿದರೆ ಹರಳು ಅರಳಿ ಬೆಳ್ಳಗೆ ಹಗುರಾಗುತ್ತದೆ, ಒತ್ತಿದರೆ ಪುಡಿಯಾಗುತ್ತದೆ. ಕರದಂಟು ಕಡಿದಾಗ ಬೆಲ್ಲದ ಗಟ್ಟಿಯ ನಡುವೆ ಹಲ್ಲಿಗೆ ಸಿಗುವ ಆ ಕರುಂ ಕರುಂ ಇದರಿಂದಲೇ. ಬಾಣಂತಿಗೆ ಸೊಂಟ ಗಟ್ಟಿಯಾಗಲೆಂದು ಅಂಟಿನುಂಡಿ ಕೊಡುವ ಸೀಮೆ ನಮ್ಮದು, ಅಂಟಿಲ್ಲದ್ದನ್ನು ಪೌಷ್ಟಿಕವೆಂದು ಒಪ್ಪಲು ಮನಸ್ಸು ಹಿಂದೆಗೆಯುತ್ತದೆ. ಈ ಸಾಲು ಓದಿ ನಮ್ಮವ್ವ, ‘ಅಂಟಿಲ್ಲಂದ್ರ ಅದಕ್ಕ ಜೀವ ಎಲ್ಲೈತಿ?’ ಎಂದು ಕೇಳಿದಳು. ಅವಳ ಪ್ರಶ್ನೆಗೆ ಉತ್ತರ ಹಿಟ್ಟಿನಲ್ಲಿದೆ, ಹಣ್ಣಿನಲ್ಲಿದೆ. ಕರದಂಟಿನಲ್ಲಿ ಪಾಕವೊಂದೇ ಎಲ್ಲವನ್ನೂ ಹಿಡಿಯುತ್ತದೆ, ಅಂಟು ಅದನ್ನು ನಡುನಡುವೆ ಒಡೆದು ಹಗುರ ಮಾಡುತ್ತದೆ. ಪಾನ್‌ಫೋರ್ಟೆಯಲ್ಲಿ ಹಿಟ್ಟು ಪಾಕವನ್ನು ಕುಡಿದು ಬೇಯುತ್ತದೆ, ಹಣ್ಣಿನ ಪಸೆ ಅದನ್ನು ಬಾಗುವಂತೆ ಇಡುತ್ತದೆ. ಒಂದು ಹಲ್ಲಿಗೆ ಮುರಿಯಬೇಕು, ಇನ್ನೊಂದು ಬಾಗಬೇಕು. ಅಂಟು ಬಿದ್ದರೆ ಅದೂ ಇಲ್ಲ ಇದೂ ಇಲ್ಲ. ಒಣಕೊಬ್ಬರಿ ಜಿಡ್ಡು ಬಿಟ್ಟು ಹಿಟ್ಟಿನ ಹಿಡಿತ ಸಡಿಲಿಸುತ್ತದೆ, ಅದಕ್ಕೇ ಅದನ್ನೂ ದೂರ ಇಡಬೇಕು.

ಎಲ್ಲ ಕೂಡಿಸು. ಕೈ ತೋಯಿಸಿಕೊಂಡು ತಟ್ಟು.

ಪಾಕ ಇಳಿಸಿದ ಕ್ಷಣದಿಂದ ಗಟ್ಟಿಯಾಗತೊಡಗುತ್ತದೆ, ಬಾದಾಮಿ ಮತ್ತು ಹಿಟ್ಟು ಮೊದಲೇ ಪರಾತದಲ್ಲಿ ಸಿದ್ಧವಿರಬೇಕು. ಜೋಳದ ರೊಟ್ಟಿ ಬಡಿಯುವ ಮನೆಯಲ್ಲಿ ತೋಯಿಸಿದ ಅಂಗೈ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಸಿಯೆನಾದವರು ಅಡಿಗೆ ತೆಳ್ಳನೆಯ ಹಿಟ್ಟಿನ ಹಾಳೆ ಹಾಸುತ್ತಾರೆ, ನಾವು ತುಪ್ಪ ಸವರಿದ ಬಾಳೆ ಎಲೆ ಹಾಸಿದೆವು.

ಕೆಳಗೆ ಉಸುಕು, ಮೇಲೆ ಕೆಂಡ. ಅರ್ಧ ತಾಸು.

ನಮ್ಮ ಒಲೆಯ ಬೆಂಕಿ ಯಾವಾಗಲೂ ಕೆಳಗಿನಿಂದ. ರೊಟ್ಟಿ, ಚಪಾತಿ, ಹೋಳಿಗೆ ಎಲ್ಲವನ್ನೂ ಮಗುಚಿ ಹಾಕುತ್ತೇವೆ. ಬೆಳಗಾವಿಯ ಮಂಡಿಗೆಯನ್ನು ಬೋರಲು ಹಾಕಿದ ಪಾತ್ರೆಯ ಮೇಲೆ ಹರಡಿದರೂ ಕಾವು ಬರುವುದು ಅಡಿಯಿಂದಲೇ. ಪಾನ್‌ಫೋರ್ಟೆ ಮಗುಚಲು ಬರುವುದಿಲ್ಲ, ಬಿಸಿ ಇದ್ದಾಗ ಅದು ಹರಿದುಹೋಗುತ್ತದೆ. ಹಾಗಾಗಿ ಸುತ್ತಲೂ ಒಂದೇ ಸಮ ಕಾವು ಬೇಕು, ಸುಮಾರು 150 ಡಿಗ್ರಿ. ಓವನ್ ಇದ್ದವರಿಗೆ ಇದು ಗುಂಡಿ ತಿರುಗಿಸುವ ಮಾತು. ಇಲ್ಲದವರು ದಪ್ಪ ತಳದ ಪಾತ್ರೆಗೆ ನಾಲ್ಕು ಬೆರಳು ಉಸುಕು ಹಾಕಿ ಕಾಯಿಸಬೇಕು. ಉಸುಕು ನಿಧಾನ ಕಾಯುತ್ತದೆ, ನಿಧಾನ ಆರುತ್ತದೆ, ಉರಿ ಏರಿಳಿದರೂ ತಿನಿಸಿಗೆ ತಟ್ಟಗೊಡುವುದಿಲ್ಲ. ಮೇಲಿನ ಕಾವು ಮುಚ್ಚಳದ ಮೇಲಿನ ಕೆಂಡದಿಂದ.

ಇದನ್ನು ಪರದೇಶದ ವಿದ್ಯೆ ಎಂದು ಬಗೆಯಬೇಕಿಲ್ಲ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ ಸೂಪಶಾಸ್ತ್ರದಲ್ಲಿ ಮುಚ್ಚಳ ರೊಟ್ಟಿ ಬರುತ್ತದೆ, ಕೆಳಗೂ ಮೇಲೂ ಕೆಂಡದ ಕಾವು ಕೊಟ್ಟು ಬೇಯಿಸುವ ರೊಟ್ಟಿ. ಕನ್ನಡದ ಅಡುಗೆಗೆ ಈ ಬೆಂಕಿ ಗೊತ್ತಿತ್ತು. ಗ್ಯಾಸ್ ಬಂದ ಮೇಲೆ ಕೆಂಡವೇ ಮನೆಯಿಂದ ಹೋಯಿತು, ಅದರ ಜೊತೆ ಮುಚ್ಚಳದ ಮೇಲಿನ ಕಾವೂ ಹೋಯಿತು.

ಕೆಂಡ ಹಾಕುವ ಬಗೆಯನ್ನು ಅವ್ವನ ಕೈಯಲ್ಲಿ ನೋಡಬೇಕು. ಜಾಲಿಯ ಕೆಂಡ ಆರಿಸುತ್ತಾಳೆ, ಅದು ತಡೆದು ಉರಿಯುತ್ತದೆ. ಇಕ್ಕಳದಿಂದ ಒಂದೊಂದೇ ಎತ್ತಿ ಮುಚ್ಚಳದ ಅಂಚಿನ ಸುತ್ತ ಬಳೆಯಂತೆ ಜೋಡಿಸುತ್ತಾಳೆ, ನಡುವೆ ಖಾಲಿ ಬಿಡುತ್ತಾಳೆ. ಒಳಗಿನ ಬಿಸಿ ಗಾಳಿ ಏರಿ ಮುಚ್ಚಳದ ನಡುವಿಗೇ ಕೂಡುವುದರಿಂದ ಅಲ್ಲಿ ಕೆಂಡವಿಟ್ಟರೆ ನಡುಭಾಗ ಕರಕಾಗುತ್ತದೆ. ತಿನಿಸು ಇಡುವ ಮೊದಲು ತಾಟಿನಲ್ಲಿ ಚಿಟಿಕೆ ಹಿಟ್ಟು ಉದುರಿಸಿ ಒಳಗಿಟ್ಟು ನೋಡುತ್ತಾಳೆ. ಕೂಡಲೇ ಕಪ್ಪಾದರೆ ಎರಡು ಕೆಂಡ ತೆಗೆಯುತ್ತಾಳೆ, ನಿಧಾನವಾಗಿ ಕೆಂಪಗಾದರೆ ಹದ ಬಂತು ಎನ್ನುತ್ತಾಳೆ. ಅರ್ಧ ತಾಸು ಎಂಬುದು ಅಂದಾಜಿನ ಮಾತು. ಅಂಚು ಬಿಗಿದು, ನಡುವೆ ಒತ್ತಿದರೆ ಇನ್ನೂ ಮೆತ್ತಗಿರುವಾಗಲೇ ತೆಗೆಯಬೇಕು. ಬೆಲ್ಲ ಸಕ್ಕರೆಗಿಂತ ಬೇಗ ಸೀಯುತ್ತದೆ. ನಡುಭಾಗವೂ ಗಟ್ಟಿಯಾಗಲೆಂದು ಕಾದರೆ ತಣಿದ ಮೇಲೆ ಕಲ್ಲಾಗುತ್ತದೆ.

ತಣಿದ ಮೇಲೆ ಕತ್ತರಿಸು. ಗೋಕಾಕದಿಂದ ಕರದಂಟು ತರಿಸಿ ಅದರ ಪಕ್ಕಕ್ಕಿಡು.

ಕರದಂಟನ್ನು ಬಿಸಿ ಇದ್ದಾಗಲೇ ಕೊಯ್ಯಬೇಕು, ತಣಿದರೆ ಚಾಕು ಇಳಿಯುವುದಿಲ್ಲ. ಇದನ್ನು ಪೂರ್ತಿ ತಣಿಸಿ, ಸಾಧ್ಯವಾದರೆ ಮರುದಿನ ಕೊಯ್ಯಬೇಕು. ರಾತ್ರಿ ಕಳೆಯುವುದರೊಳಗೆ ಹಿಟ್ಟು ಪಾಕದ ಪಸೆ ಎಳೆದುಕೊಳ್ಳುತ್ತದೆ, ಮಸಾಲೆ ಒಂದಕ್ಕೊಂದು ಬೆರೆಯುತ್ತದೆ.

ಪಕ್ಕಕ್ಕಿಡು ಎಂಬುದನ್ನು ಅಕ್ಕ ಪರೀಕ್ಷೆಗೆಂದೇ ಹಾಕಿದ್ದಾಳೆ. ಎರಡೂ ಒಂದೇ ರುಚಿ ಬಂದರೆ ಸವಾಲು ಸೋತಂತೆ. ಅವ್ವ ಮೊದಲು ಕರದಂಟು ಕಡಿದಳು, ಆಮೇಲೆ ಇದನ್ನು. ಬಹಳ ಹೊತ್ತು ಅಗಿದು, ‘ಇದು ಬ್ಯಾರೇನ ಐತಿ, ಮೆಣಸು ಚಲೋ ಹತ್ತೈತಿ’ ಎಂದಳು. ಕಿತ್ತಳೆ ಸಿಪ್ಪೆ ಮಾತ್ರ ಅವಳಿಗೆ ಸೇರಲಿಲ್ಲ. ಅದರ ಬದಲು ಮಾದಳದ ಸಿಪ್ಪೆ ಹಾಕಲು ಹೇಳಿದ್ದಾಳೆ. ಸಿಯೆನಾದವರೂ ಮಾದಳವನ್ನು ಹಾಕುತ್ತಾರೆ, ಆದ್ದರಿಂದ ಅಕ್ಕನ ನಿಯಮ ಮುರಿಯುವುದಿಲ್ಲ. ಸಂಕೇಶ್ವರದ ಸಂತೆಯಲ್ಲಿ ಹಣ್ಣು ಸಿಕ್ಕರೆ ಮುಂದಿನ ಸಲ ಅದನ್ನೇ ಹಾಕುವುದು.