ಯುದ್ಧಕಾಲದ ಧೃತಿ ಮತ್ತು ‘ಮಂಕುತಿಮ್ಮನ ಕಗ್ಗ’

ಡಿ.ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ ಪ್ರಕಟವಾದದ್ದು 1943ರಲ್ಲಿ. ವ್ಯಾಖ್ಯಾನಕಾರರಲ್ಲಿ ಬಹುಮಂದಿ ಈ ಇಸವಿಯನ್ನು ಗ್ರಂಥವಿವರವೆಂಬಂತೆ ನಮೂದಿಸಿ ಮುಂದೆ ಸಾಗುತ್ತಾರೆ. ಕೃತಿಯನ್ನು ವೇದಾಂತದ ಕಾಲಾತೀತ ಸಾರವೆಂದು ಒಪ್ಪಿದ ಮೇಲೆ ಅದಕ್ಕೂ ಒಂದು ಕಾಲವಿದ್ದೀತೆಂಬ ವಿಚಾರ ಹಿಂದೆ ಸರಿಯುತ್ತದೆ. ಆದರೆ 945 ಪದ್ಯಗಳ ಈ ಕೃತಿಯ ಆರಂಭದಲ್ಲಿಯೇ, ಭೂಮಿಯನ್ನು ನಿತ್ಯವೂ ನೆತ್ತರಿನಲ್ಲಿ ಮೀಯಿಸುವುದೇ ಮನುಷ್ಯ ಪಡೆದ ಸ್ವಾತಂತ್ರ್ಯದ ಕೊನೆಯ ಫಲವೇ ಎಂಬ ಪ್ರಶ್ನೆ ಬರುತ್ತದೆ. ಎರಡನೆಯ ಮಹಾಯುದ್ಧದ ನಡುವೆ ಅಚ್ಚಾದ ಪದ್ಯವಿದೆಂಬುದನ್ನು ಮರೆತರೆ ಅದು ಬರಿಯ ಉತ್ಪ್ರೇಕ್ಷೆಯಾಗಿ ಕೇಳಿಸುತ್ತದೆ.

ಬೆಂಗಳೂರು ರಣರಂಗವಾಗಿರಲಿಲ್ಲ. 1940ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಮಿತ್ರರಾಷ್ಟ್ರಗಳ ವಿಮಾನಗಳ ದುರಸ್ತಿ ಕೇಂದ್ರವಾಯಿತು. ಜಾಲಹಳ್ಳಿಯ ಕಡೆ ಇಟಲಿಯ ಯುದ್ಧಕೈದಿಗಳಿದ್ದರು. ಬಸವನಗುಡಿಯಂತಹ ಬಡಾವಣೆಗಳ ಮನೆಗಳಿಗೆ ಯುದ್ಧ ತಲುಪಿದ್ದು ಪತ್ರಿಕೆಯ ಸುದ್ದಿಯಾಗಿ, ಏರಿದ ಬೆಲೆಯಾಗಿ, 1942ರಲ್ಲಿ ಬರ್ಮಾ ಜಪಾನೀಯರ ವಶವಾದ ಬಳಿಕ ಅಕ್ಕಿಯ ಅಭಾವವಾಗಿ. 1913ರಲ್ಲಿಯೇ ‘ಕರ್ನಾಟಕ’ ಪತ್ರಿಕೆಯನ್ನು ಆರಂಭಿಸಿದ್ದ ಡಿವಿಜಿಯವರು ಲೋಕವಾರ್ತೆಯನ್ನು ವೃತ್ತಿಯಾಗಿ ಓದಿದವರು. ನಾಜಿ ಶಿಬಿರಗಳನ್ನು ಕಂಡುಬಂದು 1946ರಲ್ಲಿ ತನ್ನ ಅನುಭವವನ್ನು ಬರೆದ ವಿಕ್ಟರ್ ಫ್ರಾಂಕ್ಲ್‌ನೊಡನೆ ಅವರನ್ನು ಸರಿಗಟ್ಟುವುದು ಉಚಿತವಲ್ಲ. ಕಗ್ಗದ್ದು ದೂರದಿಂದ ನೋಡುವವನ ಸಂಕಟ. ಸಂಕಟಕ್ಕೆ ಕಾರಣ ಕಾಣುತ್ತದೆ, ಕೈ ಮಾತ್ರ ನಿಲುಕುವುದಿಲ್ಲ.

ಈ ಸ್ಥಿತಿಯಲ್ಲಿ ಕೃತಿ ಧೃತಿಯನ್ನು ಕಟ್ಟುವ ಬಗೆ ಗಮನಾರ್ಹ. ಅದು ಸಮಾಧಾನದಿಂದ ಆರಂಭವಾಗುವುದಿಲ್ಲ. ಮೊದಲ ಪದ್ಯಗಳ ಸ್ತುತಿ ಮುಗಿಯುತ್ತಲೇ ಪ್ರಶ್ನೆಗಳು ಒಂದರ ಮೇಲೊಂದು ಬೀಳುತ್ತವೆ. ನೆಲದ ಪ್ರತಿಮೆಯನ್ನೇ ನೋಡಬಹುದು. ಆರಂಭದಲ್ಲಿ ನೆತ್ತರು ಕುಡಿದ ಭೂಮಿಯೇ ಮುಂದೊಂದೆಡೆ, ಕಾಲು ಕುಸಿದವನನ್ನು ತಾಳಿಕೊಳ್ಳುವ ಕೊನೆಯ ಆಸರೆಯಾಗಿ ಬರುತ್ತದೆ. ಎರಡನೆಯದು ಜನರ ಬಾಯಲ್ಲಿ ಉಳಿಯಿತು, ಮೊದಲನೆಯದು ಉಳಿಯಲಿಲ್ಲ. ಎರಡನ್ನೂ ಒಟ್ಟಿಗೆ ಓದಿದಾಗ ಮಾತ್ರ ಆ ಸಾಂತ್ವನದ ಬೆಲೆ ತಿಳಿಯುತ್ತದೆ: ಆಸರೆಯಾಗಿ ದೊರೆತ ನೆಲ ನಿಷ್ಕಳಂಕವಾದದ್ದಲ್ಲ.

ಜಟಕಾಬಂಡಿಯ ಪ್ರಸಿದ್ಧ ಪದ್ಯ ಹೆಚ್ಚು ತೊಡಕಿನದು. ವಿಧಿ ಸಾಹೇಬನಾಗಿ, ಮನುಷ್ಯ ಅವನು ಓಡಿಸಿದತ್ತ ಓಡುವ ಕುದುರೆಯಾಗುವ ಈ ರೂಪಕ ಅಂದಿನ ಬೆಂಗಳೂರಿನ ಬೀದಿಯಿಂದಲೇ ಬಂದದ್ದು. ಅ.ನ.ಕೃ. ಮೊದಲಾದವರ ಪ್ರಗತಿಶೀಲ ಚಳವಳಿ ಅದೇ ದಶಕದಲ್ಲಿ ಅನ್ಯಾಯವನ್ನು ಬದಲಿಸುವ ಮಾತನಾಡುತ್ತಿತ್ತು. ಅದರ ಎದುರಿಗೆ ಈ ಪದ್ಯವನ್ನಿಟ್ಟರೆ ಸಹನೆ ಶರಣಾಗತಿಯಾಗಿ ಕಾಣುವುದು ಸಹಜ. ಆ ಆಕ್ಷೇಪಣೆಗೆ ಪದ್ಯದೊಳಗೆ ಉತ್ತರವಿಲ್ಲವೆಂದು ಒಪ್ಪಬೇಕು. ಉತ್ತರವಿರುವುದು ಬೇರೆ ಕಡೆ. ತನ್ನ ಮೇಲೆ ಕಷ್ಟ ಸುರಿದಾಗ ಕಲ್ಲಿನಂತಿರಬೇಕೆನ್ನುವ ಪದ್ಯವೇ ದುರ್ಬಲರ ಪಾಲಿಗೆ ಸಿಹಿಯಾಗಬೇಕೆಂದೂ ವಿಧಿಸುತ್ತದೆ. ಕಾಠಿಣ್ಯ ತನಗೆ ಮಾತ್ರ. ಪರರ ನೋವಿಗೆ ಕಲ್ಲಾಗುವ ಅನುಮತಿ ಯಾರಿಗೂ ಇಲ್ಲ. ಮನೋಬಲದ ಚರ್ಚೆಗಳು ಸಾಮಾನ್ಯವಾಗಿ ವ್ಯಕ್ತಿಯ ಚೇತರಿಕೆಯಲ್ಲಿಯೇ ನಿಂತುಬಿಡುವುದನ್ನು ನೆನೆದರೆ ಈ ವಿಭಜನೆಯ ಮಹತ್ತ್ವ ಕಂಡೀತು.

ಕಗ್ಗದ ರೂಪವೂ ಈ ಕೆಲಸಕ್ಕೆ ಒದಗಿದೆ. ನಾಲ್ಕು ಸಾಲು, ಆದಿಪ್ರಾಸ, ಕೊನೆಗೊಂದು ಅಂಕಿತ: ಕಂಠಸ್ಥವಾಗಿ, ಬೇಕಾದಾಗ ನೆನಪಿಗೆ ಬರುವ ಅಳತೆ. ಮಂಕುತಿಮ್ಮನೆಂದು ಕವಿ ಕರೆಯುವುದು ಮೊದಲು ತನ್ನನ್ನೇ ಆದುದರಿಂದ ಉಪದೇಶದ ಬಿಗಿ ಸಡಿಲುತ್ತದೆ. ಆದರೆ ಇದೇ ಗುಣದಿಂದ ಪದ್ಯಗಳು ಬಿಡಿಬಿಡಿಯಾಗಿ ಕ್ಯಾಲೆಂಡರು, ಆಮಂತ್ರಣಪತ್ರಿಕೆಗಳಿಗೆ ಸೇರಿದವು. ಪ್ರಶ್ನೆಗಳು ಹಿಂದುಳಿದು ಸಮಾಧಾನವಷ್ಟೇ ಸಂಚರಿಸಿತು.

ಕೃತಿ ಪ್ರಕಟವಾದ ಎರಡು ವರ್ಷಗಳ ಬಳಿಕ, ಯುದ್ಧ ಮುಗಿದ 1945ರಲ್ಲಿಯೇ, ಡಿವಿಜಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಹನುಮಂತನಗರಕ್ಕೆ ನೆರೆಯಾದ ನರಸಿಂಹರಾಜ ಕಾಲೊನಿಯಲ್ಲಿ, ಬುಲ್ ಟೆಂಪಲ್ ರಸ್ತೆಯ ಬದಿಗಿರುವ ಆ ಸಂಸ್ಥೆ ಪೌರಶಿಕ್ಷಣವನ್ನು ತನ್ನ ಉದ್ದೇಶವಾಗಿಸಿಕೊಂಡಿತು. ಕಗ್ಗವನ್ನು ವಿಧಿವಾದವೆಂದು ತೀರ್ಮಾನಿಸುವವರು ಅದರ ಕರ್ತೃ ಮುಂದಿನ ಮೂವತ್ತು ವರ್ಷ, 1975ರಲ್ಲಿ ತೀರಿಕೊಳ್ಳುವವರೆಗೆ, ಆ ಸಂಸ್ಥೆಗೆ ದುಡಿದದ್ದನ್ನೂ ಕೃತಿಯ ಪಕ್ಕದಲ್ಲಿಟ್ಟು ಓದಬೇಕಾಗುತ್ತದೆ.