ಅಲೆಮಾರಿ ಅಂದ್ರ ಯಾರು?

ಕನ್ನಡದಲ್ಲಿ ಈಗ ಬರುತ್ತಿರುವ ಅಂಡಮಾನ್ ಪ್ರವಾಸದ ಬರಹ, ವಿಡಿಯೋಗಳಿಗೆಲ್ಲ ಒಂದೇ ಅಚ್ಚು. ಬೆಂಗಳೂರಿನಿಂದ ಬೆಳಗಿನ ಜಾವದ ವಿಮಾನ. ಮೊದಲ ದಿನ ಪೋರ್ಟ್ ಬ್ಲೇರ್, 2024ರಿಂದ ಅದರ ಹೆಸರು ಶ್ರೀ ವಿಜಯ ಪುರಂ. ಸಂಜೆ ಸೆಲ್ಯುಲರ್ ಜೈಲಿನ ಲೈಟ್ ಅಂಡ್ ಸೌಂಡ್ ಶೋ, ಒಂದಿಷ್ಟು ಕಣ್ಣೀರು. ಮರುದಿನ ಹ್ಯಾವ್‌ಲಾಕ್ ದ್ವೀಪ, ಸ್ಕೂಬಾ, ರಾಧಾನಗರ ಬೀಚಿನಲ್ಲಿ ಸೂರ್ಯಾಸ್ತ. ನಡುವೆ ಒಂದು ದಿನ ಕಾಡು ದಾಟಿ ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆ. ಕೊನೆಗೆ ಖರ್ಚಿನ ಪಟ್ಟಿ, "ಇನ್ನೇನು ತಡ, ಬ್ಯಾಗ್ ಪ್ಯಾಕ್ ಮಾಡಿ" ಅನ್ನೋ ಉಪದೇಶ. ಪಟ್ಟಣ, ಕಾಡು, ದ್ವೀಪ, ಐದು ದಿನದಾಗ ಮೂರೂ ಮುಗೀತು.

ಖರ್ಚಿನ ಪಟ್ಟಿಯ ಬಗ್ಗೆ ನನ್ನ ತಕರಾರಿಲ್ಲ, ಅದು ಉಪಯೋಗಕ್ಕೆ ಬರುತ್ತೆ. ನನ್ನ ತಕರಾರು ಬೇರೆ. ಈ ಬರಹಗಳಲ್ಲಿ ಮನುಷ್ಯರೇ ಇಲ್ಲ. ಸಮುದ್ರ ಇದೆ, ಮರ ಇದೆ, ಮರಳಿದೆ, ಬರೆದವರು ಇದ್ದಾರೆ. ದೋಣಿ ನಡೆಸಿದವನಿಗೆ ಊರಿಲ್ಲ, ಮೀನು ಕರಿದುಕೊಟ್ಟವಳಿಗೆ ಮಾತಿಲ್ಲ.

ರಾಧಾನಗರ ಅನ್ನೋ ಹೆಸರನ್ನೇ ತಗೊಳ್ರಿ. ಬ್ರಿಟಿಷ್ ಜನರಲ್ ಒಬ್ಬನ ಹೆಸರಿದ್ದ, 2018ರಲ್ಲಿ ಸ್ವರಾಜ್ ದ್ವೀಪ ಆದ ಆ ನಡುಗಡ್ಡೆಗೆ ರಾಧೆ ಹೆಂಗ ಬಂದಳು? ಅಲ್ಲಿ ಗೋವಿಂದನಗರ, ಕೃಷ್ಣನಗರ, ಶ್ಯಾಮನಗರಗಳೂ ಇವೆ. ದೇಶ ಒಡೆದಾಗ ಪೂರ್ವ ಬಂಗಾಳದಿಂದ ಮನೆಮಠ ಕಳಕೊಂಡು ಬಂದ ಕುಟುಂಬಗಳನ್ನು 1950ರ ದಶಕದಲ್ಲಿ ಸರ್ಕಾರ ಅಲ್ಲಿ ನೆಲೆಗೊಳಿಸಿತು. ಅವರು ತಮ್ಮ ದೇವರ ಹೆಸರನ್ನು ಹೊಸ ನೆಲಕ್ಕಿಟ್ಟರು. ಕಾಡು ಕಡಿಯಲು ರಾಂಚಿ ಕಡೆಯಿಂದ ಬಂದ ಕೂಲಿಗಳ ಮಕ್ಕಳು ಮೊಮ್ಮಕ್ಕಳು ಅಂಡಮಾನಿನಲ್ಲಿ ಇವತ್ತಿಗೂ ಇದ್ದಾರೆ. ಬರ್ಮಾದಿಂದ ಬಂದ ಕರೆನ್ನರಿದ್ದಾರೆ. ಬೀಚಿನ ಮರಳಿನ ಬಣ್ಣಕ್ಕೆ ಮೂರು ಪ್ಯಾರಾ ಕೊಡುವ ಬರಹ ಇವರಿಗೆ ಒಂದು ಸಾಲು ಕೊಟ್ಟಿದ್ದನ್ನು ನಾನು ಕಂಡದ್ದು ಅಪರೂಪ.

ಇಂಥ ಬರಹಗಳ ಮೇಲೆ ಹೆಚ್ಚಾಗಿ ಕಾಣೋ ಪದ "ಅಲೆಮಾರಿ". ಬ್ಯಾಕ್‌ಪ್ಯಾಕರ್ ಅನ್ನೋದಕ್ಕೆ ನಾವು ಹುಡುಕಿಕೊಂಡ ಕನ್ನಡ ಅದು. ಆದರೆ ಸರ್ಕಾರದ ಕಡತದಲ್ಲಿ ಅಲೆಮಾರಿ, ಅರೆ ಅಲೆಮಾರಿ ಅನ್ನೋದು ಸಮುದಾಯಗಳ ಪಟ್ಟಿ. ಆ ಪಟ್ಟಿಯ ಜನ ಕೇಳೋದು ನಿವೇಶನ, ರೇಷನ್ ಕಾರ್ಡು, ಮಕ್ಕಳಿಗೆ ಶಾಲೆ. ಒಬ್ಬರು ವಿಳಾಸಕ್ಕಾಗಿ ಅರ್ಜಿ ಹಾಕೋ ಹೊತ್ತಿನಲ್ಲಿ ಇನ್ನೊಬ್ಬರು ವಿಳಾಸ ಇಲ್ಲದವನೆಂದು ಬಯೋದಲ್ಲಿ ಹಾಕಿಕೊಳ್ಳುತ್ತಾರೆ.

ನಮ್ಮ ಕಲ್ಲೋಳಿ ಕಡೆ ಸುಗ್ಗಿ ಮುಗಿದ ಮ್ಯಾಲೆ ಹೆಳವರು ಬರ್ತಾರ. ಮೊದಲೆಲ್ಲ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುತ್ತಿದ್ದವರು. ಅಂಗಳದಾಗ ನಿಂತು ನಿಮ್ಮ ಮನೆತನದ ಕತೆ ಶುರು ಮಾಡಿದರೆ ಮುಗೀತು: ಮುತ್ತಜ್ಜನ ಅಪ್ಪ ಯಾವ ಊರಿಂದ ಎದ್ದು ಬಂದ, ಅವನಿಗೆ ಎಷ್ಟು ಮಂದಿ ಮಕ್ಕಳು, ಯಾರು ಯಾವ ಊರಿಗೆ ಹೋಗಿ ನಿಂತರು. ಜೋಳವೋ ಬಟ್ಟೆಯೋ ರೊಕ್ಕವೋ ಪಡೆದು ಮುಂದಿನ ಮನೆಗೆ. ನಮಗೇ ಮರೆತುಹೋದ ನಮ್ಮ ಕತೆಯನ್ನು ಹೊತ್ತು ತಿರುಗುವವರು ಅವರು. ತಿರುಗಾಟಕ್ಕೂ ಕತೆಗೂ ಇರಬೇಕಾದ ಸಂಬಂಧ ಏನು ಅಂತ ಕೇಳಿದರೆ ನನಗೆ ನೆನಪಾಗೋದು ಹೆಳವರೇ. ಹೋದ ಊರಿನವರ ಕತೆ ಅವರ ಗಂಟಿನಲ್ಲಿರುತ್ತೆ. ನಮ್ಮ ರಕ್‌ಸ್ಯಾಕಿನಲ್ಲಿ ನಮ್ಮದೇ ಕತೆ, ಹೋಗುವಾಗಲೂ ಬರುವಾಗಲೂ.

ಕನ್ನಡದಲ್ಲಿ ಅಂಡಮಾನ್ ಅಂದ ಕೂಡಲೇ ನೆನಪಾಗೋ ಪುಸ್ತಕ ಪೂರ್ಣಚಂದ್ರ ತೇಜಸ್ವಿಯವರ 'ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್'. ಹೊಸ ಅಲೆಮಾರಿಗಳು ಆ ಪುಸ್ತಕದಿಂದ ಶೀರ್ಷಿಕೆಯ ಮೊದಲ ಪದವನ್ನು ಮಾತ್ರ ತಗೊಂಡರು. ತೇಜಸ್ವಿ ಮೂಡಿಗೆರೆಯ ಕಾಫಿ ತೋಟದ ಮನುಷ್ಯ. ಕಾಡು ಅವರಿಗೆ ವೀಕೆಂಡ್ ಆಗಿರಲಿಲ್ಲ. 'ಕರ್ವಾಲೊ' ಓದಿದವರಿಗೆ ಗೊತ್ತು, ಅಲ್ಲಿ ವಿಜ್ಞಾನಿಗೆ ದಾರಿ ತೋರಿಸುವವನು ಊರವರು ಕೆಲಸಕ್ಕೆ ಬಾರದವನು ಅಂತ ಕೈಬಿಟ್ಟ ಮಂದಣ್ಣ. ಕಾಡು ಬಲ್ಲವನು ಅವನು ಅನ್ನೋದು ಕರ್ವಾಲೊಗೆ ಗೊತ್ತು. ನಗೆಯಿಂದ ಶುರುವಾಗಿ, ಎದುರಿನವನಿಗೆ ನನಗಿಂತ ಹೆಚ್ಚು ಗೊತ್ತಿರಬಹುದು ಅನ್ನೋ ಅನುಮಾನದಲ್ಲಿ ಬೆಳೆಯೋದು ತೇಜಸ್ವಿ ಗದ್ಯದ ಗುಣ.

ಆ ಪುಸ್ತಕದ ಎರಡನೇ ಭಾಗ ನೈಲ್ ನದಿಯ ಮೂಲ ಹುಡುಕಿ ಹೊರಟ ಯುರೋಪಿಯನ್ನರ ಕತೆ. 1858ರಲ್ಲಿ ಸ್ಪೀಕ್ ಒಂದು ದೊಡ್ಡ ಸರೋವರ ಕಂಡ, ತನ್ನ ರಾಣಿ ವಿಕ್ಟೋರಿಯಾಳ ಹೆಸರಿಟ್ಟ. ದಡದ ಗಂಡಾ ಜನರ ಬಾಯಲ್ಲಿ ಅದಕ್ಕೆ ಆಗಲೇ ನಲುಬಾಲೆ ಅನ್ನೋ ಹೆಸರಿತ್ತು. ಎರಡು ಭಾಗ ಒಂದೇ ರಟ್ಟಿನೊಳಗೆ ಇರೋದರಿಂದ ಇವತ್ತಿನ ಓದುಗನಿಗೆ ಒಂದು ಪ್ರಶ್ನೆ ತಾನಾಗಿ ಏಳುತ್ತೆ: ನೋಡಲು ಹೋಗೋದು ಎಲ್ಲಿ ಮುಗಿಯುತ್ತೆ, "ಕಂಡುಹಿಡಿಯೋದು" ಎಲ್ಲಿ ಶುರುವಾಗುತ್ತೆ? ಸಾಹಸಿಗಳ ಕತೆ ರೋಚಕ ಅನ್ನೋದು ನಿಜ. ಹಾಗಂತ ಸರೋವರಕ್ಕೆ ಮೊದಲೇ ಇದ್ದ ಹೆಸರನ್ನು ಕೇಳದೆ ಪುಟ ತಿರುಗಿಸೋಕೆ ಈಗ ಆಗಲ್ಲ.

ಈ ಪ್ರಶ್ನೆ ಅತಿ ಬಿಗಿಯಾಗೋದು ಬಾರಾಟಾಂಗ್ ದಾರಿಯಲ್ಲಿ. ಅಂಡಮಾನ್ ಟ್ರಂಕ್ ರೋಡ್ ಜಾರವಾ ಮೀಸಲು ಕಾಡನ್ನು ಸೀಳಿಕೊಂಡು ಹೋಗುತ್ತೆ. ಜಿರ್ಕಾಟಾಂಗ್ ಗೇಟಿನಲ್ಲಿ ವಾಹನಗಳನ್ನು ಸಾಲಾಗಿ ನಿಲ್ಲಿಸಿ, ನಿಗದಿತ ಹೊತ್ತಿಗೆ ಬೆಂಗಾವಲಿನಲ್ಲಿ ಬಿಡ್ತಾರೆ. ಫೋಟೋ ನಿಷೇಧ, ನಿಲ್ಲಿಸೋದು ನಿಷೇಧ. 2011ರ ಜನಗಣತಿಯ ಪ್ರಕಾರ ಜಾರವಾಗಳು 380 ಮಂದಿ. 1997ರ ಕೊನೆಯವರೆಗೂ ಹೊರಗಿನವರಿಂದ ದೂರವೇ ಇದ್ದವರು ಅವರು. ಬೆರೆಯಲು ಶುರುವಾದ ಎರಡೇ ವರ್ಷದಲ್ಲಿ, 1999ರಲ್ಲಿ, ದಡಾರ ಹಬ್ಬಿತು. ಮೀಸಲು ಕಾಡಿನೊಳಗಿನ ರಸ್ತೆ ಮುಚ್ಚಿ ಅಂತ 2002ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ರಸ್ತೆ ಮುಚ್ಚಲಿಲ್ಲ. ತಿಂಡಿ ತೋರಿಸಿ ಜಾರವಾ ಹೆಣ್ಣುಮಕ್ಕಳನ್ನು ಕುಣಿಸಿದ ವಿಡಿಯೋ 2012ರಲ್ಲಿ ಜಗತ್ತಿಗೆಲ್ಲ ಗೊತ್ತಾಯಿತು.

ಆದರೂ ನಮ್ಮ ಬರಹಗಳಲ್ಲಿ ಆ ರಸ್ತೆ "ಥ್ರಿಲ್ಲಿಂಗ್". "ಅದೃಷ್ಟ ಇದ್ದರೆ ಜಾರವಾಗಳು ಕಾಣಿಸ್ತಾರೆ" ಅಂತ ಬರೀತಾರೆ. ನಾಗರಹೊಳೆ ಸಫಾರಿಯಲ್ಲಿ ಹುಲಿ ಬಗ್ಗೆ ಬರೆಯೋ ವಾಕ್ಯ ಇದು. ವಾಕ್ಯ ತಪ್ಪಿದ್ದು ಬರೀ ಭಾಷೆಯ ಪ್ರಶ್ನೆ ಅಂತ ನನಗನಿಸಲ್ಲ. ಜನರಿರೋ ಕಾಡನ್ನು "ಯಾರೂ ಮುಟ್ಟದ ಕಾಡು" ಅಂತ ಸಾವಿರ ಸಲ ಬರೆದರೆ ಅದು ಖಾಲಿ ಜಾಗ ಅನ್ನೋದು ಎಲ್ಲರ ತಲೆಯಲ್ಲಿ ಕೂರುತ್ತೆ. ಖಾಲಿ ಜಾಗಕ್ಕೆ ಯೋಜನೆ ಬರೋದು ಸುಲಭ. ಗ್ರೇಟ್ ನಿಕೋಬಾರಿನಲ್ಲಿ ಸುಮಾರು 130 ಚದರ ಕಿಲೋಮೀಟರ್ ಕಾಡು ತೆಗೆದುಕೊಳ್ಳುವ ಬಂದರು, ವಿಮಾನ ನಿಲ್ದಾಣ, ಪಟ್ಟಣದ ಯೋಜನೆಗೆ 2022ರಲ್ಲಿ ಪರಿಸರ ಅನುಮತಿ ಸಿಕ್ಕಿತು. ಆ ದ್ವೀಪದ ಕಾಡಿನಲ್ಲಿ ಶೋಂಪೆನ್ ಜನರಿದ್ದಾರೆ.

ಇದು ನನಗೆ ದೂರದ ಮಾತಲ್ಲ. ಮಳೆಗಾಲದಲ್ಲಿ ಗೋಕಾಕ ಫಾಲ್ಸ್ ನೋಡಲು ಕಾರುಗಳ ಸಾಲು ಬರುತ್ತೆ. ತೂಗುಸೇತುವೆ ಮೇಲೆ ಸೆಲ್ಫಿ, ಅರ್ಧ ಕಿಲೋ ಕರದಂಟು, ವಾಪಸ್. ಆಮೇಲೆ "ಯಾರಿಗೂ ಗೊತ್ತಿಲ್ಲದ ತಾಣ" ಅಂತ ರೀಲ್. ಅಲ್ಲಿ 1880ರ ದಶಕದಿಂದ ಹತ್ತಿ ಮಿಲ್ಲಿದೆ. ಘಟಪ್ರಭೆಯ ನೀರಿನ ಬಲದಲ್ಲಿ ನೂಲು ತೆಗೆದ ತಲೆಮಾರುಗಳಿವೆ. ಯಾರಿಗೂ ಗೊತ್ತಿಲ್ಲ ಅಂದ್ರ, ನಾವು ಯಾರು?

ಬೇರೆ ಥರ ಬರೆಯೋಕೆ ಪೂರ್ತಿ ಅಲೆಮಾರಿಯೇ ಆಗಬೇಕಿಲ್ಲ. ಎಚ್‌ಎಎಲ್‌ನಲ್ಲಿ ಇಂಜಿನಿಯರ್ ಆಗಿದ್ದ ನೇಮಿಚಂದ್ರ, ನಮ್ಮ ಹಾಗೆ ನೌಕರಿ ಮಾಡಿಕೊಂಡೇ, 'ಪೆರುವಿನ ಪವಿತ್ರ ಕಣಿವೆಯಲ್ಲಿ' ಬರೆದರು. ಆ ಪುಸ್ತಕ ಇಂಕಾ ಜನರ ಚರಿತ್ರೆಯನ್ನು ಜೊತೆಗಿಟ್ಟುಕೊಂಡೇ ನಡೆಯುತ್ತೆ. ಅಂಡಮಾನಿನಲ್ಲಿ ಭಾಷಾವಿಜ್ಞಾನಿ ಅನ್ವಿತಾ ಅಬ್ಬಿ, ಬೋ ಭಾಷೆಯ ಕೊನೆಯ ಮಾತುಗಾರ್ತಿ ಬೋವಾ ಸೀನಿಯರ್ ಜೊತೆ ಕೂತು ಅವರ ಮಾತುಗಳನ್ನು ದಾಖಲಿಸಿಕೊಂಡರು. 2010ರ ಜನವರಿಯಲ್ಲಿ ಆ ಅಜ್ಜಿ ತೀರಿಕೊಂಡರು, ಭಾಷೆಯೂ ಅವರ ಜೊತೆ ಹೋಯಿತು. ಉಳಿದದ್ದು ಅಬ್ಬಿಯವರು ಬರೆದುಕೊಂಡಷ್ಟು. ಹೆಳವರ ಕೆಲಸ ಅದು, ಬೇರೆ ಸಲಕರಣೆಯಿಂದ.

ಅಷ್ಟನ್ನು ಐದು ದಿನದ ರಜೆಯಲ್ಲಿ ಯಾರೂ ಮಾಡಲಾರರು, ಕೇಳುತ್ತಲೂ ಇಲ್ಲ. ಹೋಗಿ ಬನ್ನಿ, ಸಮುದ್ರ ಚೆಂದ ಇದೆ. ಬಾರಾಟಾಂಗ್ ದಾರಿಯನ್ನು ಪಟ್ಟಿಯಿಂದ ತೆಗೆದುಹಾಕ್ರಿ, ಗುಹೆ ನೋಡದಿದ್ದರೆ ಏನೂ ಹಾಳಾಗಲ್ಲ. ಬಂದ ಮೇಲೆ ಬರೆಯೋದಿದ್ದರೆ ದೋಣಿಯವನ ಅಜ್ಜ ಎಲ್ಲಿಂದ ಬಂದವರು ಅಂತ ಕೇಳಿಕೊಂಡು ಬರ್ರಿ. ಖರ್ಚಿನ ಪಟ್ಟಿಗಿಂತ ಮೇಲೆ ಅದೊಂದು ಸಾಲು ಇರಲಿ.