ಚಂದಾದಾರ, ಸದಸ್ಯ, ಗಿರಾಕಿ

ನಗರ್ತಪೇಟೆಯ ನಮ್ಮ ಗಲ್ಲಿಯಿಂದ ಸ್ವಲ್ಪ ನಡೆದರೆ ಚಿಕ್ಕಪೇಟೆ, ಇನ್ನಷ್ಟು ನಡೆದರೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳು. ಸೂಜಿಯಿಂದ ಚಿನ್ನದವರೆಗೆ ಸಿಗದ ವಸ್ತುವಿಲ್ಲ. ಆದರೂ ಬೆನ್ನಿಗೆ ಚೀಲ ಹೊತ್ತ ಹುಡುಗರು ದಿನಾ ಇದೇ ಗಲ್ಲಿಗೆ ಪಾರ್ಸೆಲ್ ತರುತ್ತಾರೆ. ಅದರಲ್ಲಿ ನನ್ನದೂ ಇರುತ್ತದೆ. ಕೆಳಗಿನ ಬಟ್ಟೆ ಅಂಗಡಿಯವರು ಮೊನ್ನೆ ಕೇಳಿದರು: "ಬರೀ ತಂದುಕೊಡೋದಕ್ಕೆ ವರ್ಷಕ್ಕೆ ಎಷ್ಟು ಕಟ್ತೀಯಮ್ಮ?" "ಸಿನಿಮಾನೂ ಬರುತ್ತೆ ಅಂಕಲ್" ಎಂದೆ. ಆ ಉತ್ತರ ನನಗೇ ಸಾಲಲಿಲ್ಲ.

ಲೆಕ್ಕ ಸರಳ. 2016ರಲ್ಲಿ ಅಮೆಜಾನ್ ಪ್ರೈಮ್ ಇಲ್ಲಿಗೆ ಬಂದಾಗ ವರ್ಷಕ್ಕೆ 499 ರೂಪಾಯಿ. ಆಮೇಲೆ 999 ಆಯಿತು; 2021ರ ಡಿಸೆಂಬರಿನಲ್ಲಿ 1,499. 2025ರ ಜೂನ್‌ನಿಂದ ಸಿನಿಮಾದ ನಡುವೆ ಜಾಹೀರಾತು ಬರತೊಡಗಿತು; ಅದು ಬೇಡವೆಂದರೆ ಇನ್ನೂ 699. ಅಲ್ಲಿಗೆ 2,198. ಫೆಲೋಶಿಪ್ಪಿನಲ್ಲಿ ಬದುಕುವವಳಿಗೆ ಇದು ಭಾರೀ ಮೊತ್ತವಲ್ಲ, ಸಣ್ಣದೂ ಅಲ್ಲ. ಕಟ್ಟಿದ್ದು ವಸೂಲಾಗಲಿ ಎಂದು ಬೇಡದ್ದನ್ನೂ ಕೊಂಡ ಖರ್ಚು ಈ ಲೆಕ್ಕದಲ್ಲಿ ಸೇರಿಲ್ಲ.

ನನ್ನನ್ನು ಕಾಡುವುದು ಮೊತ್ತಕ್ಕಿಂತ 'ಸದಸ್ಯತ್ವ' ಎಂಬ ಮಾತು. ಮುಂಗಡ ಕಟ್ಟುವುದು ಕನ್ನಡಕ್ಕೆ ಹೊಸದಲ್ಲ. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿ ಆರಂಭಿಸಿದ ಮನೋಹರ ಗ್ರಂಥಮಾಲೆಯನ್ನು ಹೊತ್ತು ನಿಂತವರು ಅದರ ಚಂದಾದಾರರು. ಅವರು ದುಡ್ಡು ಕೊಟ್ಟದ್ದು ಇನ್ನೂ ಅಚ್ಚಾಗದ ಪುಸ್ತಕಕ್ಕೆ. ಅಚ್ಚಾದ ಮೇಲೆ ಅದು ಅವರ ಕಪಾಟಿನಲ್ಲೇ ಉಳಿಯಿತು. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಆಜೀವ ಸದಸ್ಯರಿಗೆ ಮತವಿದೆ, ಜಗಳವಾಡುವ ಹಕ್ಕೂ ಇದೆ. ಹಾಲಿನ ವರ್ತನೆಯವನು ನೀರು ಬೆರೆಸಿದರೆ ಬಾಗಿಲಲ್ಲೇ ನಿಲ್ಲಿಸಿ ಕೇಳಬಹುದಿತ್ತು. ಪ್ರೈಮ್ 'ಸದಸ್ಯ'ರಿಗೆ ದರ ಏರಿದಾಗ ಉಳಿಯುವ ದಾರಿ ಎರಡೇ: ಕಟ್ಟುವುದು, ಇಲ್ಲವೇ ಬಿಡುವುದು. ಅಂದರೆ ಅವರು ಮುಂಗಡ ಕೊಟ್ಟ ಗಿರಾಕಿಗಳು, ಅಷ್ಟೆ.

ಹಳೆಯದೆಲ್ಲ ಚಿನ್ನವೆನ್ನುತ್ತಿಲ್ಲ. 2020ರ ಜುಲೈನಲ್ಲಿ, ಚಿತ್ರಮಂದಿರಗಳು ಮುಚ್ಚಿದ್ದಾಗ, ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ 'ಲಾ' ಮತ್ತು 'ಫ್ರೆಂಚ್ ಬಿರಿಯಾನಿ' ನೇರವಾಗಿ ಪ್ರೈಮ್‌ಗೆ ಬಂದವು. ಅಮ್ಮ ಮನೆಯಲ್ಲೇ ಕೂತು ಹೊಸ ಕನ್ನಡ ಸಿನಿಮಾ ನೋಡಿದಳು. ಆ ಸಂಜೆಗಳ ಬೆಲೆಯನ್ನು ನಾನು ಅಲ್ಲಗಳೆಯಲಾರೆ. ಆದರೆ ನಾವು ಕಟ್ಟುವ ದುಡ್ಡು ಯಾವ ಕನ್ನಡ ಕಥೆಗೆ ಸಲ್ಲಬೇಕೆಂಬ ತೀರ್ಮಾನ ನಮ್ಮದಲ್ಲ. ರಕ್ಷಿತ್ ಶೆಟ್ಟಿ ಅವರ ಪರಂವಃ ಹೊರತಂದ 'ಏಕಂ' ಸರಣಿಗೆ ದೊಡ್ಡ ವೇದಿಕೆಗಳಲ್ಲಿ ಜಾಗ ಸಿಗದೆ, 2024ರ ಜುಲೈನಲ್ಲಿ ಅದು ತನ್ನದೇ ಜಾಲತಾಣ ಮಾಡಿಕೊಂಡು ಬರಬೇಕಾಯಿತು. ಅಲ್ಲಿ ದುಡ್ಡು ಕೊಟ್ಟು ನೋಡಿದವರು ಗ್ರಂಥಮಾಲೆಯ ಚಂದಾದಾರರಿಗೆ ಹೆಚ್ಚು ಹತ್ತಿರದವರು.

ಈ ವರ್ಷ ನವೀಕರಣದ ಹೊತ್ತಿಗೆ ನನ್ನನ್ನೇ ಕೇಳಿಕೊಂಡೆ: ನಾನು ಕಟ್ಟದಿದ್ದರೆ ಏನು ನಿಲ್ಲುತ್ತದೆ? ಪ್ರೈಮ್‌ಗಾದರೆ, ನನ್ನ ಪಾರ್ಸೆಲ್ ಎರಡು ದಿನ ತಡವಾಗುತ್ತದೆ. ಸಣ್ಣ ಪತ್ರಿಕೆಗಾದರೆ, ಒಂದು ಸಂಚಿಕೆಯೇ ನಿಲ್ಲಬಹುದು. ಅಮ್ಮನ ಸಿನಿಮಾಕ್ಕೆಂದು ಪ್ರೈಮ್ ಉಳಿಸಿಕೊಂಡೆ. ಜಾಹೀರಾತು ತೆಗೆಸುವ 699 ಕಟ್ಟಲಿಲ್ಲ. ಆ ದುಡ್ಡು ಒಂದು ಪತ್ರಿಕೆಯ ಚಂದಾಕ್ಕೆ ಹೋಯಿತು.